ಕಾವಲುಕೋಲು

ಅರಸು ಸತ್ತ ದಿನ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಅವನ ದೀಪ ಹಸಿರಾಗಿಯೇ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ದೊಡ್ಡವರೆಲ್ಲ ಸೇರಿ ಈ ವಿಷಯದಲ್ಲಿ ಎಷ್ಟು ಸುಳ್ಳು ಹೇಳಿದರೆಂದರೆ, ಕೊನೆಗೆ ಯಾವುದು ಯಾರು ಹೇಳಿದ್ದು ಎಂದು ಹೇಳಿದವರಿಗೇ ಮರೆತುಹೋಯಿತು. ಹಸಿರು ದೀಪ ಎಂದರೆ ನೀರು ಚೆನ್ನಾಗಿದೆ, ಮೀನು ಸುಖವಾಗಿದೆ ಎಂದು ಅರ್ಥ. ಹರಿಣಾಕ್ಷಿ ಕರ್ಕೇರ ಆ ಗೋಡೆಯ ಎದುರಿನ ಕುರ್ಚಿಯಲ್ಲಿ ಕೂತು ತನ್ನ ಮನೆಯ ಹಸಿರು ದೀಪವನ್ನೇ ನೋಡುತ್ತಿದ್ದಾಗ ಅತ್ತೆಯ ಫೋನ್ ಬಂತು.

“ಹರಿಣೀ, ಅರಸು ಮಲಗಿದ್ದಾನೆ.”

“ಮಲಗಿದ್ದಾನೆ ಅಂದ್ರೆ?”

“ಮಲಗಿದ್ದಾನೆ ಅಂದ್ರೆ ಇನ್ನು ಎಂಥ ಹೇಳುದು ಮಾರಾಯ್ತಿ! ಒಂದು ಬದಿಗೆ ವಾಲಿ ಮಲಗಿದ್ದಾನೆ. ಕಿವಿರು ಆಡುದಿಲ್ಲ. ನೀನು ಮನೆಗೆ ಬಾ.”

ಗೊತ್ತಿಲ್ಲದವರಿಗಾಗಿ ಎರಡು ಮಾತು. ಏಂಜಲ್ ಮೀನು ನಮ್ಮ ಕಡಲಿನಲ್ಲಿ ಮುಗಿದು ಆಗ ನಾಲ್ಕೈದು ವರ್ಷವಾಗಿತ್ತು. ನೀರು ಕಾದಿತು, ಹವಳ ಬೆಳ್ಳಗಾಯಿತು, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಹವಳದ ಸಂದಿಯಲ್ಲೇ ಬದುಕುವ ಮೀನು ಎಲ್ಲಿಗೆ ಹೋಗಬೇಕು? ಉಳಿದ ನಾಲ್ಕುನೂರು ಚಿಲ್ಲರೆ ಮೀನುಗಳನ್ನು ಕರಾವಳಿ ಹವಳ ಮಂಡಳಿಯವರು ಬಲೆಯಿಂದ ಎತ್ತಿ ತಂದು ಒಂದೇ ದೊಡ್ಡ ತೊಟ್ಟಿಗೆ ಬಿಟ್ಟರು. ಬುದ್ಧಿವಂತಿಕೆ ನೋಡಿ! ಏಂಜಲ್ ಮೀನಿಗೆ ತನ್ನ ಜಾತಿಯ ಇನ್ನೊಂದನ್ನು ಕಂಡರೆ ಆಗುವುದಿಲ್ಲ. ತನ್ನ ಬಂಡೆ, ತನ್ನ ಸಂದಿ, ತನ್ನ ನೀರು. ಇನ್ನೊಬ್ಬ ಬಂದರೆ ರೆಕ್ಕೆ ಹರಿಯುವವರೆಗೆ ಕಚ್ಚುತ್ತದೆ. ಕಚ್ಚಾಟದಲ್ಲಿ ಕೆಲವು ಹೋದವು, ಬಿಳಿಚುಕ್ಕೆ ರೋಗ ತಗಲಿ ಒಂದೇ ವಾರದಲ್ಲಿ ಇನ್ನೂ ನೂರು ಹೋದವು. ಆಗ ಯಾರಿಗೋ ಹೊಳೆಯಿತು, ಒಂದು ಮನೆಗೆ ಒಂದು ಮೀನು ಕೊಡುವ ಎಂದು. ಕಡಲು ತಣ್ಣಗಾಗಿ ಹವಳ ಮತ್ತೆ ಚಿಗುರುವವರೆಗೆ ಕರಾವಳಿಯ ಮುನ್ನೂರ ಹದಿನೆಂಟು ಮನೆಗಳ ಚಾವಡಿಯಲ್ಲಿ ಮುನ್ನೂರ ಹದಿನೆಂಟು ಗಾಜಿನ ತೊಟ್ಟಿಗಳು ಬಂದು ಕೂತವು.

ಒಂದೊಂದು ತೊಟ್ಟಿಗೂ ಒಂದು ಕಾವಲುಕೋಲು. ಮೊಳದುದ್ದದ ಆ ಕೋಲು ಹಗಲೂ ರಾತ್ರಿ ನೀರಿನಲ್ಲಿ ಮುಳುಗಿದ್ದು, ಉಪ್ಪು, ಬಿಸಿ, ಆಮ್ಲಜನಕ ಎಲ್ಲವನ್ನೂ ನಿಮಿಷಕ್ಕೊಮ್ಮೆ ಅಳೆದು ಮಂಗಳೂರಿನ ಕಂಟ್ರೋಲ್ ರೂಮಿಗೆ ಕಳಿಸುತ್ತಿತ್ತು. ಪಾಚಿ ಕಟ್ಟದಿರಲೆಂದು ತುದಿಗೆ ಒಂಚೂರು ವಿದ್ಯುತ್ತು ಹರಿಯುತ್ತಿತ್ತು. ಮೇಲಿನ ಪೆಟ್ಟಿಗೆಯಲ್ಲಿ ಸಣ್ಣ ಸ್ಪೀಕರ್. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಕಂಟ್ರೋಲ್ ರೂಮಿನವರು ಅದರಿಂದ ಎಲ್ಲ ಮನೆಗಳಿಗೂ ಸೂಚನೆ ಓದುತ್ತಿದ್ದರು. ಹೋದ ವರ್ಷ ಹಳೆಯ ಕೋಲುಗಳನ್ನೆಲ್ಲ ತೆಗೆದು, ದೊಡ್ಡ ಸಮಾರಂಭ ಮಾಡಿ, ಹಾರ ಹಾಕಿಸಿಕೊಂಡು ಹೊಸ ಕೋಲು ಹಂಚಿದ್ದರು.

ಹರಿಣಾಕ್ಷಿಯ ಅತ್ತೆ ವಾರಿಜಕ್ಕನ ಮನೆಗೆ ಅರಸು ಬಂದಾಗ ಹೆಬ್ಬೆರಳಿನಷ್ಟಿದ್ದ. ಕಡುನೀಲಿ ಮೈಮೇಲೆ ಒಂದರೊಳಗೊಂದು ಬಿಳಿ ಬಳೆಗಳು. ಮೂರನೇ ವರ್ಷಕ್ಕೆ ಆ ಬಳೆಗಳೆಲ್ಲ ಕರಗಿ, ನೀಲಿ ಹಳದಿ ಪಟ್ಟೆ ಎಳೆದುಕೊಂಡು, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಅಂಗೈ ಅಗಲದ ಗಂಡಾಳಾಗಿ ಬೆಳೆದ. ವಾರಿಜಕ್ಕ ಮರುವಾಯಿ ಚಿಪ್ಪಿನ ಮಾಂಸ ಕೊಚ್ಚಿ ಬೆರಳ ತುದಿಯಲ್ಲಿ ಹಿಡಿದರೆ ಬಂದು ಕಿತ್ತುಕೊಂಡು ಹೋಗುತ್ತಿದ್ದ. ತಡವಾದರೆ ಗಾಜಿನ ಹತ್ತಿರ ಬಂದು ಗುಟುಕ್ ಗುಟುಕ್ ಎಂದು ಗುಟುರು ಹಾಕುತ್ತಿದ್ದ. “ಇವನ ಸೊಕ್ಕು ನೋಡು! ಮೂರೂ ಹೊತ್ತು ಉಣ್ಣಿಸುವವಳು ನಾನು, ಯಜಮಾನ ಇವನು,” ಎಂದು ಅವರು ಬೈಯುವುದನ್ನು ಕೇಳಬೇಕಿತ್ತು. ಆಸುಪಾಸಿನ ಮೂವತ್ತು ಮನೆಯ ಹೆಂಗಸರಿಗೆ ಮೀನು ಸಾಕುವುದನ್ನು ಕಲಿಸಿದ್ದು ಮಂಡಳಿಯ ಪುಸ್ತಕ ಅಲ್ಲ, ವಾರಿಜಕ್ಕ. “ಆರಿಹೋಗುದು ನೀರು ಮಾತ್ರ, ಉಪ್ಪು ಅಲ್ಲೇ ಕೂತಿರ್ತದೆ. ಹಾಗಾಗಿ ಮೇಲಿಂದ ಹಾಕುದು ಸಿಹಿನೀರು, ಉಪ್ಪುನೀರಲ್ಲ. ಇಷ್ಟು ತಿಳಿದ್ರೆ ಅರ್ಧ ಕೆಲಸ ಆಯ್ತು,” ಎಂದು ಅವರು ಹೇಳಿಕೊಟ್ಟದ್ದು ಎಲ್ಲರ ಬಾಯಲ್ಲಿತ್ತು. ಗಂಡ ದೋಣಿಗೆ ಹೋಗಿ ತಿರುಗಿ ಬಾರದ ಮೇಲೆ, ಮಗ ಹಡಗಿನ ಕೆಲಸಕ್ಕೆ ಹೋದ ಮೇಲೆ, ವಾರಿಜಕ್ಕ ಎಂಬ ಹೆಸರಿಗೆ ಊರಿನಲ್ಲಿ ಬೆಲೆ ಬಂದದ್ದು ಈ ಮೀನಿನಿಂದ.

ಹರಿಣಾಕ್ಷಿ ಮನೆಗೆ ಬಂದು ನೋಡಿದಾಗ ಅರಸುವಿನ ಹಳದಿ ಎಲ್ಲ ಬಿಳಿಚಿಕೊಂಡಿತ್ತು. ಕಾವಲುಕೋಲಿನ ಪೆಟ್ಟಿಗೆಯಲ್ಲಿ ಇನ್ನೂ ಹಸಿರು ಚುಕ್ಕೆ. ತೊಟ್ಟಿಯ ತಳದಲ್ಲಿ ಗಾಜಿನಿಂದ ಉದುರಿದ ಬಸವನಹುಳುಗಳ ಖಾಲಿ ಚಿಪ್ಪುಗಳು ಬಿದ್ದಿದ್ದವು.

“ಹುಳ ಉದುರ್ತಾ ಉಂಟು, ಸಿಗಡಿ ಸತ್ತಿದೆ ಅಂತ ನಾನು ಹೋದ ವಾರವೇ ಫೋನ್ ಮಾಡಿದೆ,” ಅಂದರು ವಾರಿಜಕ್ಕ. “ನಿಮ್ಮ ಆಫೀಸಿನವರು ಎಂಥ ಹೇಳಿದ್ದು?”

‘ಎಲ್ಲ ಹಸಿರು ಇದೆ, ಚಿಂತೆ ಬೇಡ’ ಎಂದು ಆ ಫೋನಿಗೆ ಉತ್ತರ ಕೊಟ್ಟವಳು ಹರಿಣಾಕ್ಷಿಯೇ, ಅದು ಇಬ್ಬರಿಗೂ ಗೊತ್ತಿತ್ತು.

ಆ ತಿಂಗಳು ಹೀಗೆ ಹಸಿರು ದೀಪದ ಕೆಳಗೆ ಸತ್ತ ಮೀನುಗಳು ನಲವತ್ತೊಂದು. ಪ್ರಯೋಗಾಲಯದವರು ಕುಯ್ದು ನೋಡಿದರು. ಕಿವಿರಿನಲ್ಲಿ, ಪಿತ್ತಕೋಶದಲ್ಲಿ ತಾಮ್ರ. ಒಂದು ಮೀನಿನಲ್ಲಲ್ಲ, ನಲವತ್ತೊಂದರಲ್ಲೂ. ತಾಮ್ರವೆಂದರೆ ಇಂಥ ತೊಟ್ಟಿಗೆ ವಿಷ. ಮೊದಲು ಹುಳ ಹೋಗುತ್ತದೆ, ಆಮೇಲೆ ಸಿಗಡಿ, ಕೊನೆಗೆ ಮೀನು. ಕಾವಲುಕೋಲು ಹತ್ತು ವಿಷಯ ಅಳೆಯುತ್ತಿತ್ತು, ತಾಮ್ರವನ್ನು ಮಾತ್ರ ಅಳೆಯುತ್ತಿರಲಿಲ್ಲ.

ಕಂಟ್ರೋಲ್ ರೂಮಿನ ಮುಖ್ಯಸ್ಥ ಚಿದಾನಂದ ಸರ್ ಮೈಸೂರಿನ ಕಡೆಯವರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದರು. ಸಭೆ ಕರೆದು ಅಂದರು: “ನೋಡಿ, ಸಮುದ್ರದ ಉಪ್ಪಿನ ಪುಡಿಯಲ್ಲಿ ತಾಮ್ರ ಇಲ್ಲ. ನಾವು ಕೊಟ್ಟಿರೋ ಶುದ್ಧ ನೀರಲ್ಲಿ ಇಲ್ಲ. ಹಾಗಾದ್ರೆ ಎಲ್ಲಿಂದ ಬಂತು? ನಮ್ಮ ಜನ ತಾಮ್ರದ ಹಂಡೆಯಲ್ಲಿ ನೀರಿಟ್ಟು ಕುಡೀತಾರೆ, ತೀರ್ಥ ಅಂತ ಎಲ್ಲದಕ್ಕೂ ಚಿಮುಕಿಸ್ತಾರೆ. ತೊಟ್ಟಿಗೂ ಹಾಕಿರ್ತಾರೆ. ಒಂದೊಂದು ಮನೆಗೂ ಫೋನ್ ಮಾಡಿ ಕೇಳಿ. ಹೌದು ಅಂದ್ರೆ ಕಾರಣದ ಕಾಲಮ್ಮಿನಲ್ಲಿ ‘ತಾಮ್ರದ ಪಾತ್ರೆ ಬಳಕೆ, ಮನೆಯವರ ನಿರ್ಲಕ್ಷ್ಯ’ ಅಂತ ಬರೀರಿ.”

“ಇಲ್ಲ ಅಂದ್ರೆ ಸರ್?” ಎಂದಳು ಹರಿಣಾಕ್ಷಿ.

“ಇಲ್ಲ ಅಂದ್ರೆ ‘ನಿರಾಕರಿಸುತ್ತಾರೆ’ ಅಂತ ಬರೀರಿ.”

ನೋಡಿದಿರಾ ನ್ಯಾಯ! ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೆ ಆ ದಿನ ಹರಿಣಾಕ್ಷಿಗೂ ಅದು ಸರಿ ಎಂದೇ ಕಂಡಿತು. ವಿಜ್ಞಾನ ಓದಿದವಳಲ್ಲವೇ, ಹಂಡೆ ಚೊಂಬುಗಳ ಮೇಲೆ ಅವಳಿಗೂ ಸ್ವಲ್ಪ ಅಸಡ್ಡೆ ಇತ್ತು. ಮನೆಗೆ ಬಂದು, ಗಂಜಿ ಉಣ್ಣುತ್ತಿದ್ದ ಅತ್ತೆಯನ್ನು ಕೇಳಿದಳು.

“ಅತ್ತೆ, ತೊಟ್ಟಿಗೆ ಯಾವತ್ತಾದ್ರೂ ತಾಮ್ರದ ಚೊಂಬಿನ ನೀರು ಹಾಕಿದ್ದೀರಾ?”

ವಾರಿಜಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ಬಿಸು ಹಬ್ಬದ ದಿನ ಒಂದು ಚೊಂಬು ಹಾಕಿದ್ದೆ. ಹಬ್ಬಕ್ಕೆ ಮನೆಯವರಿಗೆಲ್ಲ ತೀರ್ಥ ಕೊಡುದು ಕ್ರಮ ಅಲ್ವಾ? ಅವನೂ ಮನೆಯವನೇ. ಯಾಕೆ?”

ಹರಿಣಾಕ್ಷಿ ಎದ್ದುಹೋದಳು. ಮರುದಿನ ಆಫೀಸಿನಲ್ಲಿ, ಹದಿನೇಳನೇ ಸಾಲಿನಲ್ಲಿ, ತನ್ನ ಕೈಯಾರೆ ಬರೆದಳು: ವಾರಿಜಾ ಕರ್ಕೇರ, ತಾಮ್ರದ ಪಾತ್ರೆ ಬಳಕೆ, ಮನೆಯವರ ನಿರ್ಲಕ್ಷ್ಯ.

ಆ ಪಟ್ಟಿ ಕಡತದಲ್ಲೇ ಉಳಿಯುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಮಂಡಳಿಯವರು ಅದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ‘ನಿರ್ಲಕ್ಷ್ಯದಿಂದ ಮೀನು ಕೊಂದವರು’ ಎಂಬ ತಲೆಬರಹ ಕೊಟ್ಟು, ಊರೂರಿನ ಮೀನುಗಾರರ ಸಂಘದ ಗೋಡೆಗೆ ಅಂಟಿಸಿದರು. ಪಟ್ಟಿಯ ಅಡಿಯಲ್ಲಿ ‘ಮಾಹಿತಿ: ಕಂಟ್ರೋಲ್ ರೂಮ್’ ಎಂದಿತ್ತು. ಕಂಟ್ರೋಲ್ ರೂಮಿನಲ್ಲಿ ಯಾರಿದ್ದಾರೆಂದು ಊರಿಗೆ ಗೊತ್ತಿಲ್ಲವೇ?

ವಾರಿಜಕ್ಕ ಸಂಘದಲ್ಲಿ ಮರುವಾಯಿ ತರಲು ಹೋದವರು ಬರಿಗೈಯಲ್ಲಿ ಬಂದರು. ಬಂದವರೇ ಚಾವಡಿಯಲ್ಲಿ ನಿಂತು ಕೇಳಿದರು: “ನೀನೇ ಬರೆದದ್ದಾ?”

“ಅತ್ತೆ, ಅದು ನಿಯಮ. ಎಲ್ಲರದ್ದೂ ಬರೀಬೇಕಿತ್ತು. ನಿಮ್ಮದೊಂದು ಬಿಟ್ಟಿದ್ರೆ…”

“ಮೀನು ಕೊಂದವಳು ಅಂತ ಬರೆದಿದ್ದೀಯಲ್ಲಾ. ನಾಲ್ಕು ವರ್ಷ ಕೈಯಲ್ಲಿ ತಿನ್ನಿಸಿದವಳನ್ನು.”

“ನಿಮ್ಮ ಹೊಟ್ಟೆಯಲ್ಲಿ ಕೆಟ್ಟದ್ದಿರ್ಲಿಲ್ಲ ಅಂತ ನನಗೆ ಗೊತ್ತುಂಟು. ಗೊತ್ತಿಲ್ಲದೆ ಆದ ತಪ್ಪು…”

“ಹಾಗೆ ಬರೆದಿದ್ದೀಯಾ ಗೋಡೆಯಲ್ಲಿ? ಗೊತ್ತಿಲ್ಲದೆ ಆದ ತಪ್ಪು ಅಂತ ಬರೆದಿದ್ದೀಯಾ?” ವಾರಿಜಕ್ಕನ ದನಿ ಏರಿತು. “ಮನೆಯೊಳಗೆ ಬಂದು ಕಿವಿಯಲ್ಲಿ ಸಮಾಧಾನ ಹೇಳ್ಬೇಡ ಹರಿಣೀ. ಬರೆದದ್ದು ಎಲ್ಲಿಯೋ ಅಲ್ಲಿಯೇ ಹೇಳು. ಆಗದಿದ್ರೆ ಬಾಯಿ ಮುಚ್ಚು.”

ಅಂದಿನಿಂದ ವಾರಿಜಕ್ಕ ಗೇಟು ದಾಟಲಿಲ್ಲ. ಅಡುಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು, ಮಾತು ಮಾತ್ರ ಇಲ್ಲ. ಮೀನಿಗೆ ಏನಾದರೂ ಆದರೆ ಓಡಿಬರುತ್ತಿದ್ದ ಹೆಂಗಸರು ಈಗ ಗೇಟಿನ ಎದುರು ಹೆಜ್ಜೆ ಚುರುಕು ಮಾಡುತ್ತಿದ್ದರು. ಮೀನಿಲ್ಲದ ತೊಟ್ಟಿಯ ನೀರಿನಲ್ಲಿ ಕಾವಲುಕೋಲು ಒಂದೇ ನಿಂತಿತ್ತು. ಅದನ್ನು ವಾಪಸು ಒಯ್ಯುವ ಗಾಡಿ ಬರುವುದು ಬಾಕಿಯಿತ್ತು.

ಹತ್ತು ಹನ್ನೆರಡು ದಿನದ ಮೇಲೆ, ಒಂದು ಭಾನುವಾರ, ಉಳ್ಳಾಲದಿಂದ ಆಸ್ಯಮ್ಮ ಬಂದರು. ಮೀನು ಸಾಕುವುದನ್ನು ವಾರಿಜಕ್ಕನಿಂದ ಕಲಿತ ಬ್ಯಾರಿ ಹೆಂಗಸು. ಪಟ್ಟಿಗೆ ಹೆದರುವ ಜನವಲ್ಲ. ಬಂದವರೇ ಚಪ್ಪಲಿ ಬಿಡುವ ಮೊದಲು ಶುರು ಮಾಡಿದರು.

“ವಾರಿಜಕ್ಕ, ನನ್ನ ಮೀನು ಮೂರು ದಿನದಿಂದ ತಿನ್ನುದಿಲ್ಲ. ಹುಳ ಎಲ್ಲ ಉದುರಿದೆ. ಫೋನ್ ಮಾಡಿದ್ರೆ ನಿಮ್ಮ ಸೊಸೆಯ ಆಫೀಸಿನವರು ತಾಮ್ರದ ಪಾತ್ರೆ ತೆಗೀರಿ ಅಂತಾರೆ. ಎಲ್ಲಿಂದ ತೆಗೆಯುದು? ನಮ್ಮ ಮನೆಯಲ್ಲಿ ತಾಮ್ರದ್ದು ಒಂದು ಚಮಚವೂ ಇಲ್ಲ. ಎಲ್ಲ ಸ್ಟೀಲು. ನನ್ನ ತಾಯಿ ಮನೆಯಲ್ಲೂ ಇರ್ಲಿಲ್ಲ.”

ಒಳಗೆ ಬಟ್ಟೆ ಮಡಚುತ್ತಿದ್ದ ಹರಿಣಾಕ್ಷಿ ಹೊರಗೆ ಬಂದು ಕೇಳಿದಳು: “ಸರಿಯಾಗಿ ನೆನಪು ಮಾಡಿ ಆಸ್ಯಮ್ಮ. ನಲ್ಲಿ, ಪೈಪು, ಎಂಥದೂ ಇಲ್ವಾ?”

“ಎಂಥದು ನೆನಪು ಮಾಡುದು? ನಾನು ಸುಳ್ಳು ಹೇಳ್ಲಿಕ್ಕೆ ಉಳ್ಳಾಲದಿಂದ ಎರಡು ಬಸ್ಸು ಹತ್ತಿ ಬಂದದ್ದಾ? ಇಲ್ಲ ಅಂದ್ರೆ ‘ನಿರಾಕರಿಸುತ್ತಾರೆ’ ಅಂತ ಬರೀತೀರಂತೆ. ಬರಿ, ಬರಿ. ನಿಂಗೆ ಅದೊಂದು ಗೊತ್ತುಂಟು.”

ಮಾತು ಮುಖಕ್ಕೆ ಹೊಡೆದ ಹಾಗೆ ಬಿತ್ತು. ಪಟ್ಟಿಯಲ್ಲಿ ‘ನಿರಾಕರಿಸುತ್ತಾರೆ’ ಎಂದು ತಾನು ಬರೆದ ಹದಿಮೂರು ಹೆಸರುಗಳು ಹರಿಣಾಕ್ಷಿಗೆ ಒಂದೊಂದಾಗಿ ನೆನಪಾದವು. ಹದಿಮೂರು ಜನರೂ ಸುಳ್ಳು ಹೇಳಿದರೇ? ಅವಳು ಮಾಡಬೇಕಾದ ಕೆಲಸ ಎರಡು ವಾರ ಹಿಂದೆಯೇ ಇತ್ತು, ಈಗ ಮಾಡಿದಳು. ಕೆಟ್ಟ ಮೇಲೆ ಬುದ್ಧಿ ಬಂತು. ಆಫೀಸಿನಿಂದ ತಾಮ್ರ ಪರೀಕ್ಷೆಯ ಹನಿ ತಂದು ತಮ್ಮ ತೊಟ್ಟಿಯ ನೀರು ಅಳೆದಳು, ರಾತ್ರಿಯಿಡೀ ಚೊಂಬಿನಲ್ಲಿಟ್ಟ ನೀರನ್ನೂ ಅಳೆದಳು, ಕಾಗದ ಪೆನ್ನು ಹಿಡಿದು ಭಾಗಿಸಿದಳು. ನಾಲ್ಕುನೂರು ಲೀಟರಿನ ತೊಟ್ಟಿಗೆ ಅಷ್ಟು ತಾಮ್ರ ಸೇರಬೇಕಾದರೆ ವಾರಿಜಕ್ಕ ಸುರಿಯಬೇಕಿದ್ದದ್ದು ಒಂದು ಚೊಂಬಲ್ಲ, ಸಾವಿರಕ್ಕೂ ಹೆಚ್ಚು. ದಿನಕ್ಕೊಂದರಂತೆ ಮೂರು ವರ್ಷ!

ಅತ್ತೆ ಕೊಂದದ್ದಲ್ಲ. ಹಾಗಾದರೆ ಯಾರು?

ಉತ್ತರ ಸಿಕ್ಕಿದ್ದು ಬಾವಿಕಟ್ಟೆಯಲ್ಲಿ. ಗಾಡಿ ಬುಧವಾರ ಬರುತ್ತದೆಂದು ಗೊತ್ತಾದ ಮೇಲೆ ವಾರಿಜಕ್ಕ ಕಾವಲುಕೋಲನ್ನು ತೊಟ್ಟಿಯಿಂದ ತೆಗೆದರು. ಎಷ್ಟು ಸಿಟ್ಟಿದ್ದರೂ ಬೇರೆಯವರ ವಸ್ತುವನ್ನು ಕೊಳೆ ಕೂತ ಹಾಗೆ ತಿರುಗಿ ಕೊಡುವುದು ಅವರ ಮನೆತನದಲ್ಲಿ ಇಲ್ಲ. ಪಕ್ಕದ ಮನೆಯ ಪಾತ್ರೆ ಬಂದರೂ ತಿಕ್ಕಿ ತೊಳೆದೇ ಕೊಡಬೇಕು. ದೇವರ ದೀಪ, ಆರತಿ ತಟ್ಟೆಗಳ ಜೊತೆಗೆ ಕೋಲನ್ನೂ ಇಟ್ಟುಕೊಂಡು ಹುಳಿ, ಬೂದಿ ಹಚ್ಚಿ ತಿಕ್ಕುತ್ತಿದ್ದವರು ಇದ್ದಕ್ಕಿದ್ದಂತೆ ಕೂಗಿದರು: “ಹರಿಣೀ! ಇಲ್ಲಿ ಬಾ!”

ಎರಡು ವಾರದ ಮೇಲೆ ಅವರು ಅವಳ ಹೆಸರು ಕರೆದದ್ದು ಅದೇ ಮೊದಲು. ಹರಿಣಾಕ್ಷಿ ಓಡಿದಳು.

ಕೋಲಿನ ತುದಿಯಲ್ಲಿ, ಗಾಜಿನ ಮೂತಿಯನ್ನು ಹಿಡಿದಿಟ್ಟುಕೊಳ್ಳುವ ಬಳೆಯಂಥ ಒಂದು ಸುತ್ತು ಇರುತ್ತದೆ. ನೋಡಲು ಸ್ಟೀಲಿನಂತೆ ಬೆಳ್ಳಗೆ. ಒಂದು ಬದಿಯಲ್ಲಿ ಉಪ್ಪಿನ ಹೆಪ್ಪು ಕಳಚಿದ ಕಡೆ ಹಸಿರು ಕಿಲುಬು ಕೂತಿತ್ತು. ವಾರಿಜಕ್ಕ ಹುಳಿ ತಿಕ್ಕಿದ ಜಾಗದಲ್ಲಿ ಕಿಲುಬು ಹೋಗಿ, ಬಳೆ ಪಕ್ಕದ ದೀಪದಷ್ಟೇ ಹಳದಿಯಾಗಿ ಹೊಳೆಯುತ್ತಿತ್ತು.

“ಇದು ಹಿತ್ತಾಳೆ,” ಅಂದರು ವಾರಿಜಕ್ಕ. “ಮೇಲೆ ಎಂಥದೋ ಬೆಳ್ಳಗಿನದ್ದು ಹಚ್ಚಿದ್ದಾರೆ, ಅದು ಎದ್ದುಹೋಗಿದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಸಾರು ಮಾಡ್ಲಿಕ್ಕೆ ಬಿಡ್ತಿರ್ಲಿಲ್ಲ ನಮ್ಮ ಅಜ್ಜಿ. ಕಿಲುಬು ಹೊಟ್ಟೆಗೆ ಹೋದ್ರೆ ವಾಂತಿ ಮಾಡಿ ಸಾಯ್ತಾರೆ ಅಂತ. ಇವರು ಇದನ್ನು ಉಪ್ಪುನೀರಿನಲ್ಲಿ ಇಡೀ ವರ್ಷ ಮುಳುಗಿಸಿ ಇಟ್ಟಿದ್ದಾರಾ? ಬುದ್ಧಿ ಉಂಟಾ ಇವರಿಗೆ?”

ಹಿತ್ತಾಳೆ ಎಂದರೆ ಮುಕ್ಕಾಲುಪಾಲು ತಾಮ್ರವೇ. ಅದನ್ನು ಉಪ್ಪುನೀರು ತಿನ್ನುತ್ತದೆ. ಪಾಚಿ ಓಡಿಸಲೆಂದು ತುದಿಗೆ ಹರಿಸುವ ವಿದ್ಯುತ್ತು ಇನ್ನೂ ಬೇಗ ತಿನ್ನಿಸುತ್ತದೆ. ಲೇಪ ಕಳಚಿದ ದಿನದಿಂದ ಬಳೆ ಹಗಲೂ ರಾತ್ರಿ ತೊಟ್ಟಿಗೆ ವಿಷ ಬಿಡುತ್ತಲೇ ಇತ್ತು. ಅದೇ ಕೋಲು ‘ಎಲ್ಲ ಚೆನ್ನಾಗಿದೆ’ ಎಂದು ಹಸಿರು ದೀಪ ಹಚ್ಚುತ್ತಲೇ ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಕೇಳಿದ್ದೀರಲ್ಲ, ಇದು ಅದೇ. ಹರಿಣಾಕ್ಷಿಯ ಮೈಯೆಲ್ಲ ಉರಿದುಹೋಯಿತು. ಮೊದಲು ಮಂಡಳಿಯ ಮೇಲೆ, ಅದಕ್ಕಿಂತ ಹೆಚ್ಚು ತನ್ನ ಮೇಲೆ.

ಆದರೂ ಮೂರು ದಿನ ಕಾದಳು. ಈ ಸಲ ಅರ್ಧಂಬರ್ಧ ತಿಳಿದು ಯಾರ ಮೇಲೂ ಬೆರಳು ತೋರಿಸುವವಳಲ್ಲ. ಆಫೀಸಿನ ಪ್ರಯೋಗಾಲಯದಲ್ಲಿ ಎರಡು ಭರಣಿಗಳಲ್ಲಿ ಒಂದೇ ಉಪ್ಪುನೀರು ತುಂಬಿದಳು. ಒಂದಕ್ಕೆ ಉಗ್ರಾಣದಲ್ಲಿದ್ದ ಹಳೆಯ ಕೋಲು, ಇನ್ನೊಂದಕ್ಕೆ ಮನೆಯಿಂದ ತಂದ ಹೊಸ ಕೋಲು ಇಳಿಸಿ ವಿದ್ಯುತ್ತು ಕೊಟ್ಟಳು. ಎರಡಕ್ಕೂ ನಾಲ್ಕು ನಾಲ್ಕು ಬಸವನಹುಳು ಬಿಟ್ಟಳು. ಮೂರನೇ ದಿನ ಹಳೆಯ ಕೋಲಿನ ಹುಳಗಳು ಗಾಜಿನ ಮೇಲೆ ಆರಾಮವಾಗಿ ಹರಿದಾಡುತ್ತಿದ್ದವು. ಹೊಸ ಕೋಲಿನ ನಾಲ್ಕೂ ತಳದಲ್ಲಿ ಬಿದ್ದಿದ್ದವು. ಪರೀಕ್ಷೆಯ ಹನಿ ಬಿಟ್ಟಾಗ ಆ ನೀರು ಕಡುನೀಲಿಗೆ ತಿರುಗಿತು.

ಎರಡೂ ಭರಣಿ ಹೊತ್ತುಕೊಂಡು ಹೋಗಿ ಚಿದಾನಂದ ಸರ್ ಮೇಜಿನ ಮೇಲೆ ಇಟ್ಟಳು. ಅವರು ಭರಣಿಗಳನ್ನು ನೋಡಿದರು. ಆಶ್ಚರ್ಯಪಡಲಿಲ್ಲ. ಅದನ್ನು ಕಂಡೇ ಅವಳಿಗೆ ಎಲ್ಲ ಗೊತ್ತಾಯಿತು.

“ನಿಮಗೆ ಗೊತ್ತಿತ್ತಾ ಸರ್?”

“ಟೈಟಾನಿಯಂ ಬಳೆ ಬರೋದು ಆರು ತಿಂಗಳು ತಡ ಅಂದ್ರು. ಉದ್ಘಾಟನೆ ದಿನ ನಿಗದಿಯಾಗಿಬಿಟ್ಟಿತ್ತು. ಲೇಪ ಐದು ವರ್ಷ ಬಾಳುತ್ತೆ ಅಂತ ಬರೆದುಕೊಟ್ಟಿದ್ರು.” ಸರ್ ಕನ್ನಡಕ ತೆಗೆದು ಒರೆಸಿದರು. “ನೋಡಿ ಹರಿಣಾಕ್ಷಿ, ಮುಂದಿನ ಸರ್ವಿಸಿನಲ್ಲಿ ಸದ್ದಿಲ್ಲದೆ ಎಲ್ಲಾ ಬಳೆ ಬದಲಾಯಿಸೋಣ. ಎರಡು ತಿಂಗಳಲ್ಲಿ ಮುಗಿಯುತ್ತೆ.”

“ಎರಡು ತಿಂಗಳಲ್ಲಿ ಉಳಿದ ಇನ್ನೂರ ಎಪ್ಪತ್ತೇಳೂ ಮುಗೀತದೆ. ಈಗಲೇ ಕೋಲು ತೆಗೀರಿ ಅಂತ ಎಲ್ಲರಿಗೂ ಹೇಳಿ.”

“ಹೇಳಿದ್ರೆ ಯಾಕೆ ಅಂತ ಕೇಳ್ತಾರಲ್ಲ? ಮಂಡಳಿ ಉಳಿಯುತ್ತಾ? ಮಂಡಳಿ ಇಲ್ದೆ ಈ ಮೀನುಗಳನ್ನ ಯಾರು ನೋಡ್ಕೋತಾರೆ?”

“ಇಷ್ಟು ದಿನ ನೋಡಿಕೊಂಡದ್ದು ಮನೆಯ ಹೆಂಗಸರು ಸರ್. ನೀವಲ್ಲ. ಆ ಪಟ್ಟಿ?”

ಸರ್ ದನಿ ಇನ್ನೂ ಮೆತ್ತಗಾಯಿತು. “ನಿಮ್ಮ ಅತ್ತೆಯವರ ಹೆಸರು ಇದೆ ಅಲ್ವಾ ಅದರಲ್ಲಿ? ಪಾಪ. ಅದೊಂದನ್ನ ಇವತ್ತೇ ತೆಗೆಸ್ತೀನಿ. ‘ವಯೋಸಹಜ ಸಾವು’ ಅಂತ ಬರೆದ್ರಾಯ್ತು.”

ಸುಳ್ಳು ಯಾಕೆ ಹೇಳಬೇಕು, ಒಂದು ಗಳಿಗೆ ಹರಿಣಾಕ್ಷಿಯ ಮನಸ್ಸು ಅತ್ತ ಜಾರಿತು. ಅತ್ತೆ ಮತ್ತೆ ಗೇಟು ದಾಟಿಯಾರು, ಮಾತಾಡಿಯಾರು, ಕೆಲಸವೂ ಉಳಿದೀತು. ಆದರೆ ಉಳಿದ ನಲವತ್ತು ಜನ ಹಾಗೆಯೇ ಕೊಂದವರಾಗಿ ಉಳಿಯುತ್ತಾರೆ, ಆಸ್ಯಮ್ಮ ನಲವತ್ತೆರಡನೆಯವರಾಗುತ್ತಾರೆ. ಆ ಸಾಲನ್ನೂ ತಾನೇ ಬರೆಯಬೇಕು.

“ಸರ್, ನಿಮ್ಮ ಪಾಪ ನಿಮ್ಮ ಹತ್ತಿರವೇ ಇರ್ಲಿ,” ಎಂದು ಎದ್ದುಬಂದಳು.

ಹನ್ನೊಂದು ಗಂಟೆಗೆ ಎರಡು ನಿಮಿಷ ಇತ್ತು. ದಿನದ ಸೂಚನೆ ಓದುವ ಸರದಿ ಆ ದಿನ ಅವಳದಾಗಿರಲಿಲ್ಲ. ಓದಬೇಕಾಗಿದ್ದ ಹುಡುಗಿಯನ್ನು “ಏಳು ನೀನು” ಎಂದು ಎಬ್ಬಿಸಿ, ಕಂಟ್ರೋಲ್ ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಮೈಕಿನ ಎದುರು ಕೂತಳು. ಬರೆದಿಟ್ಟ ಕಾಗದವನ್ನು ಬದಿಗೆ ಸರಿಸಿದಳು.

“ಕಂಟ್ರೋಲ್ ರೂಮಿನಿಂದ ಹರಿಣಾಕ್ಷಿ ಕರ್ಕೇರ ಮಾತಾಡುದು. ಎಲ್ಲರೂ ಕೆಲಸ ಬಿಟ್ಟು ಕೇಳಿ. ನಿಮ್ಮ ತೊಟ್ಟಿಯಲ್ಲಿರುವ ಕಾವಲುಕೋಲನ್ನು ಈಗಲೇ ಹೊರಗೆ ತೆಗೀರಿ. ಆಮೇಲೆ ಅದರ ತುದಿಯ ಬಳೆಗೆ ಹುಳಿ ಹಚ್ಚಿ ತಿಕ್ಕಿ ನೋಡಿ. ಹಳದಿ ಕಂಡ್ರೆ ಅದು ಹಿತ್ತಾಳೆ. ಮೀನನ್ನು ಕೊಲ್ಲುದು ಅದೇ. ನಿಮ್ಮ ಹಂಡೆ ಅಲ್ಲ, ಚೊಂಬು ಅಲ್ಲ, ನೀವು ಅಲ್ಲ. ಅರ್ಧ ನೀರು ಬದಲಾಯಿಸಿ, ಫಿಲ್ಟರಿಗೆ ಹೊಸ ಇದ್ದಿಲು ಹಾಕಿ. ಕೋಲು ತೆಗೆದ್ರೆ ಅಪರಾಧ ಅಂತ ಯಾರಾದ್ರೂ ಹೇಳಿದ್ರೆ, ತೆಗೀಲಿಕ್ಕೆ ಹೇಳಿದ್ದು ನಾನು ಅಂತ ಹೇಳಿ. ಇನ್ನೊಮ್ಮೆ ಹೇಳ್ತೇನೆ, ಕೋಲು ಹೊರಗೆ ತೆಗೀರಿ!”

ಹೊರಗಿನಿಂದ ಬಾಗಿಲು ಬಡಿಯತೊಡಗಿದರು. ಗೋಡೆಯ ಮೇಲೆ ಇನ್ನೂರ ಎಪ್ಪತ್ತೇಳು ಹಸಿರು ದೀಪಗಳು ಹಾಗೇ ಉರಿಯುತ್ತಿದ್ದವು. ಒಂದು ನಿಮಿಷ ಹೋಯಿತು. ಯಾರೂ ನಂಬಲಿಲ್ಲವೇ? ಯಾಕೆ ನಂಬಬೇಕು? ಹೋದ ತಿಂಗಳು ‘ಚಿಂತೆ ಬೇಡ’ ಅಂದದ್ದೂ ಇದೇ ದನಿ. ಅಷ್ಟರಲ್ಲಿ ಉಳ್ಳಾಲದ ಒಂದು ದೀಪ ನಂದಿತು. ಆಸ್ಯಮ್ಮ! ಆಮೇಲೆ ಸುರತ್ಕಲ್ಲಿನಲ್ಲಿ ಎರಡು, ಕಾಪುವಿನಲ್ಲಿ ಒಂದು, ಮಲ್ಪೆಯಲ್ಲಿ ನಾಲ್ಕು ಒಟ್ಟಿಗೆ. ಹುಳಿ ತಿಕ್ಕಿದವರು ಪಕ್ಕದ ಮನೆಗೆ ಓಡಿರಬೇಕು. ಆಮೇಲೆ ಲೆಕ್ಕ ಹಿಡಿಯಲಾಗಲಿಲ್ಲ. ಬಾಗಿಲು ಮುರಿದು ಒಳಗೆ ಬಂದ ಚಿದಾನಂದ ಸರ್ “ಏನ್ರೀ ಮಾಡಿದ್ರಿ!” ಎಂದು ಕೂಗುವ ಹೊತ್ತಿಗೆ ಗೋಡೆ ಮುಕ್ಕಾಲು ಕತ್ತಲಾಗಿತ್ತು. ಹರಿಣಾಕ್ಷಿಯ ಮುಂದಿನ ಪ್ರಿಂಟರ್ ಮಾತ್ರ ಇನ್ನೂ ಕಾಗದ ಉಗುಳುತ್ತಿತ್ತು. ಕೊನೆಯ ಕಾಗದ ಬಂದ ಮೇಲೆ ಅವಳೇ ಕೊರಳಿನಿಂದ ಗುರುತಿನ ಚೀಟಿ ತೆಗೆದು ಮೇಜಿನ ಮೇಲೆ ಹಾಕಿ, ಕಾಗದಗಳನ್ನೆಲ್ಲ ಎತ್ತಿಕೊಂಡು ಹೊರಟಳು.

ಮರುದಿನ ಬೆಳಿಗ್ಗೆ ಆಸ್ಯಮ್ಮ ಗಾಳಿಯಂತೆ ನುಗ್ಗಿಬಂದರು. “ವಾರಿಜಕ್ಕ, ಹೊರಡಿ! ನನ್ನ ಮೀನು ಇವತ್ತು ಒಂದು ಚೂರು ಮರುವಾಯಿ ತಿಂದಿದೆ. ಸಂಘದ ಗೋಡೆಯಲ್ಲಿ ಎಂಥ ಉಂಟು ನೋಡ್ಬೇಕು ನೀವು. ಊರೇ ಅಲ್ಲಿ ಉಂಟು.” ಬರುವುದಿಲ್ಲ ಎಂದ ವಾರಿಜಕ್ಕನ ಕೈ ಹಿಡಿದು ಎಳೆದುಕೊಂಡೇ ಹೊರಟರು. ಹರಿಣಾಕ್ಷಿ ನಾಲ್ಕು ಹೆಜ್ಜೆ ಹಿಂದೆ ನಡೆದಳು.

ಸಂಘದ ಗೋಡೆಯ ಮುಂದೆ ಜನ ಸರಿದು ವಾರಿಜಕ್ಕನಿಗೆ ದಾರಿ ಬಿಟ್ಟರು. ಹಳೆಯ ಪಟ್ಟಿಯ ಮೇಲೆ ಹೊಸ ಪಟ್ಟಿ ಅಂಟಿಸಿತ್ತು. ಅವೇ ನಲವತ್ತೊಂದು ಹೆಸರು. ಪ್ರತಿ ಹೆಸರಿನ ಮುಂದೆ, ಕಾರಣದ ಕಾಲಮ್ಮಿನಲ್ಲಿ, ಒಂದೇ ಮಾತು: ‘ಮಂಡಳಿಯ ಕಾವಲುಕೋಲಿನ ಹಿತ್ತಾಳೆ ಬಳೆ. ಮನೆಯವರ ತಪ್ಪಿಲ್ಲ.’ ವಾರಿಜಕ್ಕ ಹದಿನೇಳನೇ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಬೆರಳು ಹಾಗೆಯೇ ಕೆಳಕ್ಕೆ ಇಳಿದು ಕೊನೆಯ ಸಾಲಿಗೆ ಬಂತು. ಅಲ್ಲಿ ‘ಸುಳ್ಳು ಕಾರಣ ಬರೆದವಳು: ಹರಿಣಾಕ್ಷಿ ಕರ್ಕೇರ’ ಎಂದಿತ್ತು.

“ಇದನ್ನು ಯಾರು ಹಾಕಿದ್ದು?” ಎಂದು ತಿರುಗಿ ಕೇಳಿದರು.

“ನಾನೇ ಅತ್ತೆ.”

“ಅಯ್ಯೋ, ಅದೊಂದು ಸಾಲು ಹರಿದು ತೆಗೆದುಬಿಡಿ ವಾರಿಜಕ್ಕ,” ಅಂದರು ಆಸ್ಯಮ್ಮ. “ಎಷ್ಟಾದ್ರೂ ನಿಮ್ಮ ಮನೆಯ ಸೊಸೆ. ಕೆಲಸವೂ ಹೋಯ್ತು ಪಾಪದ್ದು. ಊರಿನವರು ಓದುದು ಬೇಡ.”

ವಾರಿಜಕ್ಕ ಸೊಸೆಯ ಮುಖವನ್ನು ನೋಡಿದರು. ಅವರ ಕಣ್ಣು ತುಂಬಿತ್ತು, ಆದರೆ ಸಿಟ್ಟು ಇಳಿದಿರಲಿಲ್ಲ.

“ನನ್ನ ಹೆಸರು ಈ ಗೋಡೆಯಲ್ಲಿ ಹದಿನೆಂಟು ದಿನ ಇತ್ತು,” ಅಂದರು. “ಇವಳದ್ದೂ ಹದಿನೆಂಟು ದಿನ ಇರ್ಲಿ.”

ಹರಿಣಾಕ್ಷಿ ತಲೆಯಾಡಿಸಿದಳು. ಪಟ್ಟಿಯ ಒಂದು ಮೂಲೆ ಅಂಟದೆ ಎದ್ದಿತ್ತು. ಅದನ್ನು ತನ್ನ ಅಂಗೈಯಿಂದ ಒತ್ತಿ ಸರಿಯಾಗಿ ಅಂಟಿಸಿದಳು.